ಹದಿನೇಳರಲ್ಲಿ ನಾಲ್ಕು

ಫೋನ್ ಮಾಡಿ, ನಿಮ್ಮ ಮನೆಯವರು ಇನ್ನೂ ಬದುಕಿದ್ದಾರೆಯೇ ಎಂದು ಕೇಳುವ ಕೆಲಸ ಯಾರಿಗೂ ಬೇಡ. ಹೆಬ್ಬಾಳದ ಹತ್ತಿರದ ಆ ಆಸ್ಪತ್ರೆಯಲ್ಲಿ ಶಾಂತಲಾಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಹುಡುಗಿ "ಪೇಷಂಟ್ ಇದಾರಾ?" ಎಂದು ನೇರವಾಗಿ ಕೇಳಿ, ಬೈಸಿಕೊಂಡು, ಎರಡೇ ತಿಂಗಳಿಗೆ ಬಿಟ್ಟುಹೋಗಿದ್ದಳು. ಶಾಂತಲಾ ಬೇರೆ ದಾರಿ ಕಂಡುಕೊಂಡಳು. "ನಮಸ್ಕಾರ, ಆಸ್ಪತ್ರೆಯಿಂದ ಮಾತಾಡ್ತಿದೀನಿ. ಅಮ್ಮ ಹೇಗಿದಾರೆ ಅಂತ ಕೇಳೋಣ ಅಂತ ಮಾಡ್ದೆ" ಎಂದು ಹೇಳಿ ಸುಮ್ಮನಾಗುತ್ತಿದ್ದಳು. ಆ ಕಡೆಯ ಮೊದಲ ಉಸಿರಿನಲ್ಲೇ ಅರ್ಧ ಉತ್ತರ ಸಿಕ್ಕಿಬಿಡುತ್ತಿತ್ತು. "ಇಲ್ಲೇ ಇದಾರೆ, ತಡೀರಿ ಕೊಡ್ತೀನಿ" ಎಂದರೆ ಒಂದು ಕಾಲಂ. ಉಸಿರು ನಿಂತು, ಹಿಂದಿನ ಟಿವಿಯ ಸದ್ದು ಕಡಿಮೆಯಾದರೆ ಇನ್ನೊಂದು ಕಾಲಂ. ಆಗ ತಾರೀಕು ಕೇಳಬೇಕು. ಅವಳ ದನಿ ನಡುಗುತ್ತಿರಲಿಲ್ಲ. ವಿಭಾಗದಲ್ಲಿ ಅದನ್ನೊಂದು ಗುಣವೆಂದು ಹೊಗಳುತ್ತಿದ್ದರು.

ಗುಣವಲ್ಲವೆಂದು ಅವಳಿಗೆ ಗೊತ್ತಿತ್ತು. 2012ರ ಮಳೆಗಾಲದಲ್ಲಿ ಅವಳ ಗಂಡ ಪುನೀತನಿಗೆ ಡೆಂಗಿ ಬಂತು. ಹೊಸ ಮನೆಗಳಿಗೆ ವೈರಿಂಗ್ ಮಾಡಿಕೊಡುತ್ತಿದ್ದ, ಏಣಿ ಹೆಗಲಿಗೆ ಹಾಕಿಕೊಂಡು ಸ್ಕೂಟರ್ ಓಡಿಸುತ್ತಿದ್ದ ಗಟ್ಟಿ ಆಳು. ಐದನೆಯ ದಿನ ಪ್ಲೇಟ್‌ಲೆಟ್ ಎಣಿಕೆ ಏರಿದೆ, ಇನ್ನು ಭಯವಿಲ್ಲ ಎಂದರು. ಆರನೆಯ ದಿನ ಬೆಳಿಗ್ಗೆ ಅವನಿರಲಿಲ್ಲ. ಶಾಂತಲಾಳಿಗೆ ಅಳು ಬರಲಿಲ್ಲ. ಕಾಲು ಮರಗಟ್ಟಿದಾಗ ಮುಟ್ಟಿದರೆ ಯಾರದೋ ಕಾಲಿನಂತೆ ಅನ್ನಿಸುತ್ತದಲ್ಲ, ಅವಳ ದಿನಗಳು ಹಾಗೆ ಕಳೆಯತೊಡಗಿದವು.

ತಿಥಿ ಮುಗಿದ ಮೇಲೆ ಸೋಲದೇವನಹಳ್ಳಿಯಿಂದ ಅಪ್ಪ ಬಂದು, "ನಡಿಯಮ್ಮ, ಮನೆಗೆ ಹೋಗೋಣ" ಎಂದಿದ್ದರು. ಅತ್ತೆ ಅಕ್ಕಯ್ಯಮ್ಮ ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಅಡುಗೆಮನೆಗೆ ಹೋಗಿ ಎಸರಿಟ್ಟಳು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು, "ಸಂಜೀಕೆ ಒಂದು ಮುದ್ದೆ ಕಟ್ಲಾ, ಎಲ್ಡಾ?" ಎಂದು ಕೇಳಿದಳು.

"ಎರಡು" ಎಂದಳು ಶಾಂತಲಾ.

ಅಷ್ಟೇ. ಆ ವಿಷಯ ಕೊಡಿಗೇಹಳ್ಳಿಯ ಆ ಹಳೆಯ ಮನೆಯಲ್ಲಿ ಮತ್ತೆ ಬರಲಿಲ್ಲ.

ಅವಳು ಓದಿದ್ದು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಆಸ್ಪತ್ರೆಯಲ್ಲಿ ಅವಳ ಪಾಲಿಗೆ ಬಂದದ್ದು ಸ್ತನ ಕ್ಯಾನ್ಸರಿಗೆ ಆಪರೇಷನ್ ಆದವರ ಪಟ್ಟಿ. ಕಂಕುಳಿನ ಕೊಬ್ಬಿನೊಳಗೆ ಸಣ್ಣ ಸಣ್ಣ ದುಗ್ಧರಸ ಗ್ರಂಥಿಗಳಿರುತ್ತವೆ. ಡಾಕ್ಟರುಗಳ ಬಾಯಲ್ಲಿ ಅವು ನೋಡ್‌ಗಳು, ರೋಗಿಗಳ ಬಾಯಲ್ಲಿ ಗಂಟುಗಳು. ಎದೆಯಿಂದ ಹೊರಟ ರೋಗ ಸಾಮಾನ್ಯವಾಗಿ ಮೊದಲು ಬಂದು ತಂಗುವುದು ಅಲ್ಲಿ. ಅದಕ್ಕೇ ಆಪರೇಷನ್ನಿನಲ್ಲಿ ಆ ಕೊಬ್ಬನ್ನೂ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಅದರಲ್ಲಿ ಒಟ್ಟು ಎಷ್ಟು ಗಂಟು ಸಿಕ್ಕವು, ಎಷ್ಟರಲ್ಲಿ ರೋಗವಿತ್ತು, ಒಟ್ಟಿನಲ್ಲಿ ರೋಗದ ಪಾಲೆಷ್ಟು: ಈ ಅಳತೆಗಳಲ್ಲಿ ಯಾವುದು ಮುಂದಿನ ಐದು ವರ್ಷದ ಮಾತನ್ನು ಹೆಚ್ಚು ಸರಿಯಾಗಿ ಹೇಳುತ್ತದೆ ಎನ್ನುವುದೇ ಅಧ್ಯಯನ. ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ಕಲಾವತಿ ಅದನ್ನು ನಡೆಸುತ್ತಿದ್ದರು. ಶಾಂತಲಾ ಅಂಕಿಗಳನ್ನು ತುಂಬಿ, ಫೋನ್ ಮಾಡಿ, ಕೊನೆಗೆ ಕಂಪ್ಯೂಟರಿನಲ್ಲಿ ಗೆರೆ ಎಳೆಯುತ್ತಿದ್ದಳು. ಆ ಗೆರೆ ಮೆಟ್ಟಿಲಿನಂತೆ ಇಳಿಯುತ್ತದೆ. ಒಂದು ಸಾವಿಗೆ ಒಂದು ಮೆಟ್ಟಿಲು. ಬದುಕಿರುವವರು ಗೆರೆಯ ಮೇಲೆ ಕಡ್ಡಿಯಂಥ ಒಂದು ಸಣ್ಣ ಗುರುತು.

2013ರ ಡಿಸೆಂಬರಿನಲ್ಲಿ ಆ ಪಟ್ಟಿಗೆ ಅಕ್ಕಯ್ಯಮ್ಮ ಬಂದಳು.

ಮೂರು ತಿಂಗಳು ಎದೆಯ ಗಡ್ಡೆಯನ್ನು ಸೆರಗಿನಡಿ ಬಚ್ಚಿಟ್ಟುಕೊಂಡಿದ್ದಳು. ಯಾಕೆ ಹೇಳಲಿಲ್ಲವೆಂದು ಕೇಳಿದರೆ, "ಈ ಮನೇಲಿ ನಿಂಗೆ ಒಂದು ಸಾವು ಸಾಕು ಅನ್ನುಸ್ತು ಕಣಮ್ಮ" ಎಂದಳು, ಸಾಂಬಾರಿಗೆ ಉಪ್ಪು ಸಾಕು ಎನ್ನುವ ದನಿಯಲ್ಲಿ. ಆಪರೇಷನ್ ಆಯಿತು. ವರ್ಷದ ಕೊನೆಯ ವಾರ ರಿಪೋರ್ಟು ಬಂತು. ಪರೀಕ್ಷಿಸಿದ ಗಂಟುಗಳು ನಾಲ್ಕು. ರೋಗವಿದ್ದದ್ದು ಮೂರರಲ್ಲಿ.

ಔಷಧಿಯ ಡಾಕ್ಟರು ಕಿಮೋ ಬರೆದುಕೊಟ್ಟರು. ಮೂರೇ ಗಂಟಾದ್ದರಿಂದ ಕರೆಂಟ್ ಕೊಡುವುದು ಬೇಕಾಗಲಾರದು ಎಂದರು. ರೇಡಿಯೇಶನ್ನಿಗೆ ಆಸ್ಪತ್ರೆಗೆ ಬರುವವರೆಲ್ಲ ಹೇಳುವುದೇ ಹಾಗೆ, ಕರೆಂಟ್ ಕೊಡೋದು ಎಂದು. ಅಕ್ಕಯ್ಯಮ್ಮ ಅವರಿಗೆ ಕೈಮುಗಿದು ಎದ್ದಳು. ಶಾಂತಲಾ ತನ್ನ ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು, ಪಟ್ಟಿಯಲ್ಲಿ ಇನ್ನೂರ ಹನ್ನೆರಡನೆಯ ಸಾಲು ತೆರೆದಳು. ನಾಲ್ಕು. ಮೂರು. ಪಾಲಿನ ಕಾಲಂ ತಾನಾಗಿಯೇ ತುಂಬಿಕೊಂಡಿತು: ಮುಕ್ಕಾಲು. ಮುಕ್ಕಾಲಿನವರ ಗೆರೆ ಅವಳಿಗೆ ಬಾಯಿಪಾಠವಾಗಿತ್ತು. ಕಡಿದಾಗಿ ಇಳಿಯುವ ಗೆರೆ ಅದು. ಐದನೆಯ ವರ್ಷ ಮುಟ್ಟುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನ ಅದರಲ್ಲಿ ಉಳಿದಿರಲಿಲ್ಲ.

ಸಾಲಿನ ಕೊನೆಯಲ್ಲಿ ಇನ್ನೊಂದು ಮಾತು ಮೂಡಿತು. ಹತ್ತಕ್ಕಿಂತ ಕಡಿಮೆ ಗಂಟು ಸಿಕ್ಕವರನ್ನು ಅಧ್ಯಯನದಿಂದ ಕೈಬಿಡಬೇಕೆಂದು ಮೊದಲೇ ಗೊತ್ತುಮಾಡಿದ್ದ ನಿಯಮ. ಆ ನಿಯಮವನ್ನು ಕಂಪ್ಯೂಟರಿಗೆ ಕಲಿಸಿದವಳು ಅವಳೇ. 'ಕೈಬಿಡಲಾಗಿದೆ' ಎಂದು ಕೆಂಪಕ್ಷರದಲ್ಲಿ ಬಂತು. ಶಾಂತಲಾ ಅದನ್ನು ಸ್ವಲ್ಪ ಹೊತ್ತು ನೋಡಿ, ಕಂಪ್ಯೂಟರ್ ಆರಿಸಿ, ಮನೆಗೆ ಹೋಗಿ ಎರಡು ಮುದ್ದೆ ಕಟ್ಟಿದಳು. ಆಪರೇಷನ್ ಆದಾಗಿನಿಂದ ಮುದ್ದೆ ತಿರುವುವುದು ಅವಳ ಕೆಲಸವಾಗಿತ್ತು.

ಅಕ್ಕಯ್ಯಮ್ಮ ಗಂಟು ಗಂಟಾದ ಮುದ್ದೆಯನ್ನು ಮುರಿಯುತ್ತ, "ನೀನು ಓದಿರೋಳು. ಎಸ್ಟು ದಿನ ಅಂತ ನಿಂಗೆ ಗೊತ್ತಾಗಿರ್ತದೆ" ಎಂದಳು.

"ಹಾಗೆಲ್ಲ ಗೊತ್ತಾಗಲ್ಲ ಅತ್ತೆ."

"ಗೊತ್ತಾಗ್ದೇನೇ ಸಂಬ್ಳ ಕೊಡ್ತಾರಾ?"

ಶಾಂತಲಾ ನೀರಿನ ಲೋಟ ಅವಳ ಕಡೆ ಸರಿಸಿದಳು.

"ಓಗ್ಲಿ ಬುಡು" ಎಂದಳು ಅಕ್ಕಯ್ಯಮ್ಮ. "ನಂದೇನೂ ಇಲ್ಲ. ನೀನು ಸಂಜೆ ಬಂದಾಗ ಬಾಗ್ಲು ತೆಗ್ಯೋಕೆ ಒಬ್ರು ಇರ್ಬೇಕಲ್ಲ, ಅದ್ಕೆ ಕೇಳ್ದೆ."

ಸಂಕ್ರಾಂತಿ ಕಳೆದ ಮೊದಲ ಬುಧವಾರ ಇಬ್ಬರೂ ಅವರೆಕಾಯಿಗೆ ಹೋದರು. ಮೊದಲ ಕಿಮೋ ಆಗಿತ್ತು. ಅಕ್ಕಯ್ಯಮ್ಮನ ಬಾಯಿಗೆ ಯಾವುದೂ ರುಚಿಸುತ್ತಿರಲಿಲ್ಲ; ಸೊಗಡವರೆಯ ಸಾರು ಮಾತ್ರ ಬೇಕೆಂದಿದ್ದಳು. ಕೊಡಿಗೇಹಳ್ಳಿ ಗೇಟಿನ ಹತ್ತಿರ ಲಕ್ಕಣ್ಣ ಪ್ರತಿ ವರ್ಷದಂತೆ ಟೆಂಪೊ ನಿಲ್ಲಿಸಿಕೊಂಡು, ರಸ್ತೆಯ ಮೇಲೆ ಗೋಣಿ ಹಾಸಿ ಕಾಯಿ ಸುರಿದಿದ್ದ. ಗಾಳಿಯಲ್ಲೇ ಸೊಗಡು. ಓಡುವ ಬೂಟು ಹಾಕಿಕೊಂಡಿದ್ದ ಒಬ್ಬಾತ ಬಗ್ಗಿ, ರಾಶಿಯ ತುದಿಯಿಂದ ದಪ್ಪ ಕಾಯಿ ತೆಗೆದು ಬಿಡಿಸುತ್ತಿದ್ದ. ನಾಲ್ಕು ಬಿಡಿಸಿದ. ಮೂರರಲ್ಲಿ ಹುಳ.

"ಏನ್ರೀ ಇದು, ಪೂರ್ತಿ ಹುಳ! ಮೂಟೆಗೆ ಮೂಟೆನೇ ವೇಸ್ಟು" ಎಂದು ಕೈ ಒರೆಸಿಕೊಂಡ.

ಲಕ್ಕಣ್ಣ ಬಾಯಿ ತೆರೆಯುವ ಮೊದಲೇ ಅಕ್ಕಯ್ಯಮ್ಮ ಮುಂದೆ ಬಂದಳು. "ಏನಪ್ಪೋ, ನಾಕೇ ನಾಕು ಬಿಡ್ಸಿ ಇಡೀ ಮೂಟೆಗೆ ತಿಥಿ ಮಾಡ್‌ಬುಟ್ಟೆಯಲ್ಲ! ದಪ್ಪ ದಪ್ಪವೇ ಆರುಸ್ಕೊಂಡ್ರೆ ಇನ್ನೇನು ಸಿಗ್ತದೆ? ಉಳ ಇರೋ ಕಾಯೇ ಮೊದ್ಲು ಉಬ್ಬಿ ಕಣ್ಣಿಗೆ ಕಾಣೋದು. ಒಳಕ್ಕೆ ಕೈ ಆಕು. ತಳಕ್ಕೆ ಆಕು. ಸಣ್ಣವೂ ತೆಗ್ದು ನೋಡು. ಆಮೇಲೆ ವೇಸ್ಟು ಅಂತ ಏಳು."

"ಹೇಳಿ ಅವ್ವ, ಹೇಳಿ" ಎಂದ ಲಕ್ಕಣ್ಣ. "ನಾನು ಹೇಳಿದ್ರೆ ವ್ಯಾಪಾರ ಅಂತಾರೆ."

ಆತ ನಕ್ಕು, ಸುಮ್ಮನೆ ಎರಡು ಕೇಜಿ ಕಟ್ಟಿಸಿಕೊಂಡು ಹೋದ. ಅಕ್ಕಯ್ಯಮ್ಮ ಎಡಗೈಯನ್ನು ರಾಶಿಯ ಹೊಟ್ಟೆಗೆ ಹಾಕಿ ಕಾಯಿ ಆರಿಸತೊಡಗಿದಳು. ಆಪರೇಷನ್ ಆದ ಬಲಗೈಗೆ ಇನ್ನೂ ಬಲವಿರಲಿಲ್ಲ. ಚೀಲ ಹಿಡಿದುಕೊಂಡಿದ್ದ ಶಾಂತಲಾ ನಿಂತಲ್ಲೇ ನಿಂತಿದ್ದಳು.

ನಾಲ್ಕೇ ನಾಲ್ಕು.

ಅವಳ ಪಟ್ಟಿಯಲ್ಲಿ ಇನ್ನೂರಕ್ಕೂ ಹೆಚ್ಚು ಹೆಂಗಸರಿದ್ದರು. ಒಬ್ಬೊಬ್ಬರ ಕಂಕುಳಿನಿಂದ ಹದಿನಾಲ್ಕು, ಹತ್ತೊಂಬತ್ತು, ಇಪ್ಪತ್ತಮೂರು ಗಂಟುಗಳು ಸಿಕ್ಕಿದ್ದವು. ಈ ಮುದುಕಿಯ ಕಂಕುಳಲ್ಲಿ ಮಾತ್ರ ನಾಲ್ಕೇ ಯಾಕಿರಬೇಕು? ಇದ್ದದ್ದು ನಾಲ್ಕೋ, ಸಿಕ್ಕದ್ದು ನಾಲ್ಕೋ? ರೋಗ ತಗುಲಿದ ಗಂಟು ಊದಿಕೊಂಡು ಮೊದಲು ಕೈಗೆ ಬರುತ್ತದೆ. ಚೆನ್ನಾಗಿರುವುದು ಸಣ್ಣಗೆ, ಮೆತ್ತಗೆ, ಕೊಬ್ಬಿನೊಳಗೆ ಮುದುಡಿ ಕುಳಿತಿರುತ್ತದೆ. ಹುಡುಕುವವರು ಬೇಗ ಕೈ ತೊಳೆದುಕೊಂಡರೆ ಲೆಕ್ಕಕ್ಕೆ ಬರುವುದು ಹುಳದ ಕಾಯಿ ಮಾತ್ರ. ಆ ಕೆಂಪಕ್ಷರದ ನಿಯಮವನ್ನು ಮಾಡಿದ್ದೇ ಇದಕ್ಕಲ್ಲವೇ. ನಿಯಮ ಬರೆದ ಕೈಗೆ, ಸ್ವಂತ ಅತ್ತೆಯ ಸಾಲು ಬಂದಾಗ, ಆ ಪ್ರಶ್ನೆಯೇ ಹೊಳೆದಿರಲಿಲ್ಲ. ಕೆಟ್ಟ ಸುದ್ದಿಯನ್ನು ಪ್ರಶ್ನಿಸುವ ಅಭ್ಯಾಸ ಅವಳಿಗೆ ಒಂದೂವರೆ ವರ್ಷದಿಂದ ತಪ್ಪಿಹೋಗಿತ್ತು.

"ಚೀಲ ಸರ್ಯಾಗಿ ಇಡ್ಕೊಳ್ಳೇ" ಎಂದಳು ಅಕ್ಕಯ್ಯಮ್ಮ.

ಗುರುವಾರ ಬೆಳಿಗ್ಗೆ ಡಾಕ್ಟರ್ ಕಲಾವತಿ ಕೋಟು ಹಾಕಿಕೊಳ್ಳುತ್ತಿರುವಾಗಲೇ ಶಾಂತಲಾ ಅವರ ಬಾಗಿಲಲ್ಲಿದ್ದಳು. ಕಲಾವತಿ ಲ್ಯಾಬಿನ ರಿಜಿಸ್ಟರ್ ತರಿಸಿ ನೋಡಿದರು. ನೋಡಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಪ್ಪತ್ತೇಳನೇ ತಾರೀಕು. ಆ ವಾರ ಗಂಟು ಹುಡುಕೋ ಮುಸರ್ರತ್ ಮಗಳ ಮದುವೆಗೆ ಅಂತ ರಜದಲ್ಲಿದ್ಲು. ಹೊಸ ಡಾಕ್ಟರು ಒಬ್ರೇ ಎಲ್ಲಾ ನೋಡಿದಾರೆ. ನಾಲ್ಕು ಅಂತ ಕಂಡಾಗ್ಲೇ ನಾನು ವಾಪಸ್ ಕಳಿಸ್ಬೇಕಿತ್ತು. ಸೈನ್ ಹಾಕಿದೀನಿ." ಅವರು ರಿಜಿಸ್ಟರ್ ಮುಚ್ಚಿದರು. "ನಿಮ್ಮತ್ತೆ ಅಂತ ಯಾಕೆ ಹೇಳ್ಲಿಲ್ಲ ಶಾಂತಲಾ?"

"ಹೇಳಿದ್ರೆ ಬೇರೆ ಥರ ನೋಡ್ತಿದ್ರಾ ಮೇಡಂ?"

ಅದು ಚುಚ್ಚುಮಾತಾಗಿರಲಿಲ್ಲ; ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಅದಕ್ಕೇ ಕಲಾವತಿಯವರಿಗೆ ಹೆಚ್ಚು ನೋವಾಯಿತು.

"ಆ ಕೊಬ್ಬು ಇನ್ನೂ ಇದೆ" ಎಂದರು. "ಡಬ್ಬದಲ್ಲಿ, ಫಾರ್ಮಲಿನ್‌ನಲ್ಲಿ. ರಿಪೋರ್ಟ್ ಆದ್ಮೇಲೆ ಮೂರು ವಾರ ಇಟ್ಟಿರ್ತೀವಿ. ಶನಿವಾರ ಹಳೇ ಡಬ್ಬ ಎಲ್ಲಾ ಕಸದ ವ್ಯಾನ್‌ಗೆ ಹೋಗುತ್ತೆ. ಮತ್ತೆ ಹುಡುಕಿಸ್ಬಹುದು. ಆದ್ರೆ ಹುಡುಕಿದ್ರೆ ಒಳ್ಳೇದೇ ಸಿಗುತ್ತೆ ಅಂತಿಲ್ಲ. ಮೂರು ಆರಾಗ್ಬಹುದು, ಎಂಟಾಗ್ಬಹುದು. ಒಂದ್ಸಲ ಗೊತ್ತಾದ್ಮೇಲೆ ಗೊತ್ತಿಲ್ಲದ ಹಾಗೆ ಇರೋಕಾಗಲ್ಲ. ಅವ್ರನ್ನ ಕೇಳಿ."

ಸಂಜೆ ಅಕ್ಕಯ್ಯಮ್ಮ ಜಗಲಿಯ ಮೇಲೆ ಕಾಲು ಚಾಚಿ ಕುಳಿತು, ಮೊರದಲ್ಲಿ ಹಿದಕಿದ ಬೇಳೆ ಮಾಡುತ್ತಿದ್ದಳು. ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪಚಕ್ಕನೆ ಜಿಗಿಯುತ್ತಿತ್ತು. ಕೈಗೆ ವ್ಯಾಯಾಮ ಮಾಡಿಸಿ ಎಂದು ಆಸ್ಪತ್ರೆಯವರು ಕೊಟ್ಟ ಸ್ಪಂಜಿನ ಚೆಂಡು ಕಿಟಕಿಯಲ್ಲಿ ಧೂಳು ತಿನ್ನುತ್ತಿತ್ತು. ಶಾಂತಲಾ ಪಕ್ಕದಲ್ಲಿ ಕುಳಿತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಾಲ್ಕು, ಮೂರು, ಮುಕ್ಕಾಲು, ರಜೆ, ಡಬ್ಬ, ಶನಿವಾರ. ಹುಡುಕಿದರೆ ಇನ್ನೂ ಕೆಟ್ಟದಾಗಬಹುದು ಎನ್ನುವುದನ್ನೂ.

ಅಕ್ಕಯ್ಯಮ್ಮ ಹಿದಕುವುದನ್ನು ನಿಲ್ಲಿಸಿದಳು. "ನನ್ ಮಾಂಸ ಇನ್ನೂ ಅಲ್ಲೇ ಐತಾ?"

"ಇದೆ."

"ಥೂ. ನಾನು ಯಾವತ್ತೋ ಮಣ್ಣು ಮಾಡಿರ್ತಾರೆ ಅನ್ಕೊಂಡಿದ್ದೆ. ಯಾರೂ ನಂಟ್ರಿಲ್ದಂಗೆ ಡಬ್ಬದಾಗೆ ಕುಂತೈತಲ್ಲ." ಆಮೇಲೆ ಮತ್ತೆ ಕಾಳು ಹಿಡಿದಳು. "ಮೂಟೆ ಒಳಗೆ ಏನೈತೋ ಅದು ಆಗ್ಲೇ ಐತೆ. ನೋಡಿದ್ರೆ ಎಚ್ಚಾಗಲ್ಲ, ನೋಡ್ದಿದ್ರೆ ಕಮ್ಮಿ ಆಗಲ್ಲ. ಉಡುಕ್ಸು. ಆದ್ರೆ ಕಣ್ಣಲ್ಲಿ ನೋಡೋರ ಕೈಗೆ ಕೊಡ್ಬೇಡ. ಬೆರಳು ಬಲ್ಲೋರ ಕೈಗೆ ಕೊಡು."

ಬೆರಳು ಬಲ್ಲವಳು ಮುಸರ್ರತ್. ಆರ್.ಟಿ. ನಗರದ ಕಡೆಯವಳು, ಐವತ್ತೈದರ ಹೆಂಗಸು. ಅಂಗಾಂಗಗಳನ್ನು ಕತ್ತರಿಸಿ ನೋಡುವ ಆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಡಾಕ್ಟರುಗಳ ಪಕ್ಕ ನಿಂತು, ಈಗ ಡಾಕ್ಟರುಗಳೇ ಅವಳನ್ನು ಕೇಳುವ ಹಾಗಾಗಿತ್ತು. ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಬಂದು, ಮದುವೆಯ ಮೆಹಂದಿ ಇನ್ನೂ ಉಗುರಿನ ತುದಿಯಲ್ಲಿ ಉಳಿದಿದ್ದ ಕೈಗೆ ಗ್ಲೌಸ್ ಏರಿಸಿದಳು.

"ನನ್ ಮಗಳು ಮದುವೆ, ನಿಮ್ ಅತ್ತೆಗೆ ತೊಂದ್ರೆ" ಎಂದಳು. "ಸಾರಿ ಅಂತ ಯಾರಿಗೆ ಹೇಳ್ಲಿ ಮೇಡಂ, ಅಳಿಯನಿಗಾ?"

"ಮದುವೆ ಚೆನ್ನಾಗಾಯ್ತಾ?"

"ಬಿರಿಯಾನಿ ಕಮ್ಮಿ ಬಿತ್ತು. ಅಂದ್ರೆ ಚೆನ್ನಾಗೇ ಆಯ್ತು." ಡಬ್ಬದ ಮುಚ್ಚಳ ತೆಗೆದಳು. ಫಾರ್ಮಲಿನ್ನಿನ ಘಾಟಿಗೆ ಶಾಂತಲಾಳ ಕಣ್ಣು ಉರಿಯಿತು. "ನೀವು ಮುಟ್ಬಾರ್ದು. ಅಲ್ಲಿ ನಿಂತ್ಕೊಂಡು ಬರ್ಕೊಳಿ. ನೋಡೋಕಾಗಲ್ಲ ಅಂದ್ರೆ ಹೊರ್ಗೆ ಇರಿ."

ಶಾಂತಲಾ ನಿಂತಳು. ಹಳದಿ ಬಣ್ಣದ ಕೊಬ್ಬಿನ ತುಂಡು, ಒಂದು ಹಿಡಿಯಷ್ಟು. ಈ ಕಂಕುಳಿಗೆ ಒರಗಿಕೊಂಡೇ ಪುನೀತ ಹಾಲು ಕುಡಿದು ಮಲಗಿದ್ದಿರಬೇಕು ಎಂದು ಅವಳಿಗೆ ಅನ್ನಿಸಿತು. ಅನ್ನಿಸಬಾರದಿತ್ತು. ಪೆನ್ನು ಗಟ್ಟಿಯಾಗಿ ಹಿಡಿದಳು.

ಮುಸರ್ರತ್ ಕೊಬ್ಬನ್ನು ತೆಳುವಾಗಿ ಸೀಳಿ, ಒಂದೊಂದು ಪದರವನ್ನೂ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಮೆಲ್ಲಗೆ ಹೊಸಕುತ್ತಾ ಹೋದಳು. ಅವಳು ಕೈಯನ್ನು ನೋಡುತ್ತಿರಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರಿನ ಕಡೆ ಮುಖ ಮಾಡಿಕೊಂಡಿದ್ದಳು.

"ಕಣ್ಣಿಗೆ ಎಲ್ಲಾ ಕೊಬ್ಬೇ ಕಾಣೋದು. ಕಣ್ಣು ಸುಳ್ಳು ಹೇಳುತ್ತೆ. ಹಾ... ಬಂತು. ಬರ್ಕೊಳಿ."

ಮಸೂರ ಬೇಳೆಯಷ್ಟರ ಒಂದು ಕಾಳನ್ನು ಒದ್ದೆ ಕಾಗದದ ಮೇಲಿಟ್ಟಳು. ಶಾಂತಲಾ ಒಂದು ಗೀಟು ಎಳೆದಳು.

ಅರ್ಧ ಗಂಟೆಗೆ ಐದು. ಐದನೆಯದಕ್ಕೆ ನಾಲ್ಕು ಗೀಟಿನ ಮೇಲೆ ಅಡ್ಡಗೀಟು. ಆಮೇಲೆ ಬಹಳ ಹೊತ್ತು ಏನೂ ಸಿಗಲಿಲ್ಲ. ಮುಸರ್ರತ್ ಸುಸ್ತಾಗಿ ಸ್ಟೂಲಿನ ಮೇಲೆ ಕುಳಿತಳು, ಮತ್ತೆ ಎದ್ದಳು. ಕೊಬ್ಬಿನ ಒಂದು ಮೂಲೆಯಲ್ಲಿ ಆರನೆಯದು, ಅದರ ಬೆನ್ನಿಗೇ ಏಳು, ಎಂಟು. ಒಂಬತ್ತನೆಯದು ಎಳ್ಳಿಗಿಂತ ಸ್ವಲ್ಪ ದೊಡ್ಡದು. ಅದನ್ನು ಗಂಟು ಎನ್ನಬೇಕೋ ಬೇಡವೋ ಎಂದು ಮುಸರ್ರತ್ ಅದರ ಜೊತೆ ಉರ್ದುವಿನಲ್ಲಿ ಜಗಳವಾಡಿ, ಕೊನೆಗೆ ಒಪ್ಪಿಕೊಂಡಳು. ಕಿಟಕಿಯ ಬಿಸಿಲು ಗೋಡೆಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಹದಿಮೂರು ಕಾಳು ಸಾಲಾಗಿ ಕುಳಿತಿದ್ದವು.

"ಇನ್ನು ಇಲ್ಲ" ಎಂದಳು ಮುಸರ್ರತ್. "ಇದ್ರೆ ಅದು ಅಲ್ಲಾಗೆ ಗೊತ್ತು, ನನ್ ಬೆರಳಿಗೆ ಗೊತ್ತಿಲ್ಲ."

ಶಾಂತಲಾ ಗೀಟುಗಳನ್ನು ಎಣಿಸಲು ಹೋದಳು. ಎಣಿಸಲಾಗಲಿಲ್ಲ. ಕಾಗದದ ಮೇಲೆ ನೀರು ಬಿದ್ದು ಎರಡನೆಯ ಕಟ್ಟು ಕಲಸಿಹೋಗಿತ್ತು. ಮುಸರ್ರತ್ ಗ್ಲೌಸ್ ಕಳಚಿ, ಕೈ ತೊಳೆದು, ಒರೆಸಿಕೊಂಡು ಬಂದು, ಏನೂ ಕೇಳದೆ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಫಾರ್ಮಲಿನ್ನು" ಎಂದಳು ಶಾಂತಲಾ.

"ಹೂಂ ಮೇಡಂ. ಎಲ್ರಿಗೂ ಹಾಗೇ. ನನಗೆ ಇಪ್ಪತ್ತಾರು ವರ್ಷದಿಂದ ಫಾರ್ಮಲಿನ್ನೇ."

ಆ ಹದಿಮೂರೂ ಮೇಣದಲ್ಲಿ ಕೂತು, ಎಳೆಯಾಗಿ ಸೀಳಿಸಿಕೊಂಡು, ಬಣ್ಣ ಹಾಕಿಸಿಕೊಂಡು ಗಾಜಿನ ಮೇಲೆ ಬರಲು ಮಂಗಳವಾರವಾಯಿತು. ಡಾಕ್ಟರ್ ಕಲಾವತಿ ಮೈಕ್ರೋಸ್ಕೋಪಿನ ಮುಂದೆ ಕುಳಿತು ಒಂದೊಂದನ್ನೇ ನೋಡಿದರು. ಎದುರು ಕುಳಿತಿದ್ದ ಶಾಂತಲಾ ಅವರ ಬಾಯನ್ನು ನೋಡುತ್ತಿದ್ದಳು. ಇಲ್ಲ. ಇಲ್ಲ. ಇಲ್ಲ. ಏಳು ಸಲ ಇಲ್ಲ ಎಂದವರು ಎಂಟನೆಯದಕ್ಕೆ ಸುಮ್ಮನಾದರು. ಗಾಜನ್ನು ಹಿಂದೆ ಮುಂದೆ ಸರಿಸಿದರು. ಫೋನಿನ ಆ ಕಡೆ ಟಿವಿಯ ಸದ್ದು ಕಡಿಮೆಯಾದಾಗ ಹೇಗಿರುತ್ತಿತ್ತೋ ಹಾಗಿತ್ತು.

"ಇದ್ರಲ್ಲಿದೆ" ಎಂದರು.

ಉಳಿದ ಐದರಲ್ಲಿ ಇರಲಿಲ್ಲ.

"ಒಟ್ಟು ಹದಿನೇಳು. ರೋಗ ಇರೋದು ನಾಲ್ಕು." ಕಲಾವತಿ ಕುರ್ಚಿ ಹಿಂದೆ ಸರಿಸಿದರು. "ನಾಲ್ಕಾಗಿದ್ರಿಂದ ಹಂತ ಒಂದು ಮೇಲೆ ಹೋಗುತ್ತೆ. ಕರೆಂಟ್ ಕೊಡ್ಲೇಬೇಕು ಈಗ. ನಾಳೆನೇ ಹೊಸ ರಿಪೋರ್ಟ್ ಕಳಿಸ್ತೀನಿ, ತಪ್ಪಾಗಿತ್ತು ಅಂತ್ಲೂ ಬರೀತೀನಿ. ಪಾಲು ಏನು ಬರುತ್ತೆ, ನೀವೇ ಹೇಳಿ."

ಶಾಂತಲಾ ಕಂಪ್ಯೂಟರ್ ಇಲ್ಲದೆಯೇ ಹೇಳಿದಳು. ಕಾಲಿಗಿಂತ ಕಡಿಮೆ.

ಒಂದು ಅಳತೆಯಲ್ಲಿ ಕೆಟ್ಟದ್ದು, ಇನ್ನೊಂದು ಅಳತೆಯಲ್ಲಿ ಒಳ್ಳೆಯದು. ಮನೆಗೆ ಹೋಗುವ ಬಸ್ಸಿನಲ್ಲಿ ಅವಳು ಇದನ್ನು ಹೇಗೆ ಹೇಳುವುದೆಂದು ಹತ್ತು ರೀತಿಯಲ್ಲಿ ಯೋಚಿಸಿದಳು. ಅಕ್ಕಯ್ಯಮ್ಮ ಬಾಗಿಲು ತೆಗೆದು, ಮುಖ ನೋಡಿ, "ಏನಾಯ್ತು ಏಳು" ಎಂದಳು.

"ಹದಿನೇಳು ಸಿಕ್ತು. ನಾಲ್ಕರಲ್ಲಿ ಇದೆ."

ಅಕ್ಕಯ್ಯಮ್ಮ ಒಳಗೆ ಹೋಗಿ ಮೊರ ತಂದಳು. ಬುಟ್ಟಿಯಿಂದ ಕಾಯಿ ತೆಗೆದು ಎಣಿಸಿ ಎಣಿಸಿ ಇಟ್ಟಳು, ಹದಿನೇಳು. ಅದರಲ್ಲಿ ನಾಲ್ಕನ್ನು ಪಕ್ಕಕ್ಕೆ ಸರಿಸಿದಳು. ಎರಡು ರಾಶಿಯನ್ನೂ ಸ್ವಲ್ಪ ಹೊತ್ತು ನೋಡಿದಳು.

"ಇದು ತಗೋಬೋದು" ಎಂದಳು. "ಉಳ ಐತೆ, ಇಲ್ಲ ಅನ್ನಲ್ಲ. ಆದ್ರೆ ಸಾರಿಗೆ ಆಗ್ತದೆ."

"ಕರೆಂಟ್ ಕೊಡ್ಬೇಕಂತೆ. ಇಪ್ಪತ್ತೈದು ದಿನ."

"ನನ್ ಮಗ ಊರೋರ್ಗೆಲ್ಲ ಕರೆಂಟ್ ಕೊಟ್ಟ. ನಂಗೆ ಆಸ್ಪತ್ರೆಯೋರು ಕೊಡ್ತಾರೆ ಬುಡು." ಮೊರದಲ್ಲಿ ಕಾಯಿಗಳನ್ನು ಒಂದುಗೂಡಿಸಿದಳು. ಕೈ ಅಲ್ಲೇ ನಿಂತಿತು. ಹೆಸರಿಲ್ಲದೆಯೇ ಆದರೂ, ಬದುಕಿದ್ದ ಪುನೀತನ ಮಾತು ಅವನು ಹೋದ ಮೇಲೆ ಆ ಮನೆಯೊಳಗೆ ಬಂದದ್ದು ಅವತ್ತೇ ಮೊದಲು. ಶಾಂತಲಾ ಅವಳ ಪಕ್ಕ ಕುಳಿತು ಕಾಯಿ ಬಿಡಿಸತೊಡಗಿದಳು. "ಏಣಿ ಇಡ್ಕೊಂಡು ಬಂದು ಗೇಟಿಗೆ ಸಿಕ್ಕಾಕ್ಕೊಳ್ತಿದ್ನಲ್ಲ" ಎಂದಳು ಅಕ್ಕಯ್ಯಮ್ಮ. "ದಿನಾ" ಎಂದಳು ಶಾಂತಲಾ. ಮೊರ ಖಾಲಿಯಾಗುವವರೆಗೆ ಇಬ್ಬರೂ ಎದ್ದುಹೋಗಲಿಲ್ಲ.

ಫೆಬ್ರವರಿಯಲ್ಲಿ ಕೂದಲು ಪೂರ್ತಿ ಹೋಯಿತು. ಯಾರಾದರೂ ಕೇಳಿದರೆ ತಿರುಪತಿಗೆ ಹೋಗಿದ್ದೆ ಎಂದು ಅಕ್ಕಯ್ಯಮ್ಮ ಹೇಳಿಬಿಟ್ಟಳು. ಬೀದಿಯವರೆಲ್ಲ ಲಾಡು ಎಲ್ಲಿ ಎಂದು ಕೇಳತೊಡಗಿದರು. ಶಾಂತಲಾ ಯಲಹಂಕದ ಮಿಠಾಯಿ ಅಂಗಡಿಯಿಂದ ಎರಡು ಡಬ್ಬ ಲಾಡು ತಂದು ಮನೆಮನೆಗೂ ಹಂಚಬೇಕಾಯಿತು. ಪಕ್ಕದ ಮನೆಯ ಲಕ್ಷ್ಮಿದೇವಮ್ಮ ಅದನ್ನು ಕಣ್ಣಿಗೊತ್ತಿಕೊಂಡು ತಿಂದು, "ಈ ಸಲ ಏಲಕ್ಕಿ ಜಾಸ್ತಿ ಆಕವ್ರೆ" ಎಂದಳು. ಕಿಮೋ ಮುಗಿಯಿತು. ಇಪ್ಪತ್ತೈದು ದಿನದ ಕರೆಂಟೂ ಮುಗಿಯಿತು. ಎದೆ ಕಪ್ಪಾಗಿ ಸುಲಿದು, ಮತ್ತೆ ಚರ್ಮ ಬಂತು. ಕೂದಲು ಹುಟ್ಟಿತು, ಮೊದಲಿಗಿಂತ ಗುಂಗುರಾಗಿ. ಬಲಗೈ ಮಾತ್ರ ಸ್ವಲ್ಪ ಊದಿಕೊಂಡೇ ಉಳಿಯಿತು.

ಅವಳ ಸಾಲಿನಲ್ಲಿ ಹದಿನೇಳು ತುಂಬಿದೊಡನೆ ಕೆಂಪಕ್ಷರ ತಾನಾಗಿಯೇ ಹೋಗಿತ್ತು. ವರ್ಷಕ್ಕೊಮ್ಮೆ ಆ ಸಾಲಿಗೆ ಬಂದಾಗ ಶಾಂತಲಾ ಮುಂದಿನ ಸಾಲಿಗೆ ದಾಟಿ, ಉಳಿದದ್ದೆಲ್ಲ ಮುಗಿದ ಮೇಲೆ ಹಿಂದಕ್ಕೆ ಬಂದು ತುಂಬುತ್ತಿದ್ದಳು. ಪಟ್ಟಿಯಲ್ಲಿ ಕಾಲು ಪಾಲಿನವರಲ್ಲೂ ಕೆಲವರು ತೀರಿಕೊಂಡಿದ್ದರು. ಮುಕ್ಕಾಲಿನ ಒಬ್ಬಾಕೆ ಚಿಕ್ಕಜಾಲದಲ್ಲಿ ಇನ್ನೂ ಹೂ ಕಟ್ಟಿ ಮಾರುತ್ತಿದ್ದಳು. ಗೆರೆ ಗುಂಪಿನ ಮಾತು ಹೇಳುತ್ತದೆ, ಬಾಗಿಲು ತೆಗೆಯುವವರ ಮಾತು ಹೇಳುವುದಿಲ್ಲ. ಇದನ್ನು ಅವಳು ಪುಸ್ತಕದಲ್ಲಿ ಓದಿದ್ದಳು. ಈಗ ನಂಬುತ್ತಿದ್ದಳು.

2019ರ ಜನವರಿ. ಐದು ವರ್ಷದ ಫೋನುಗಳ ಸರದಿ. ನಿಯಮದ ಪ್ರಕಾರ ಕೊನೆಯ ವಿಚಾರಣೆ ಆಸ್ಪತ್ರೆಯ ಫೋನಿನಿಂದಲೇ ಆಗಬೇಕು, ವೇಳೆಯನ್ನೂ ಬರೆದುಕೊಳ್ಳಬೇಕು. ಮನೆಯವರೇ ಆದರೇನು, ನಿಯಮ ನಿಯಮವೇ. ಬೆಳಿಗ್ಗೆ ತಾನೇ ಅಕ್ಕಯ್ಯಮ್ಮ ಊಟದ ಡಬ್ಬಿ ಕೈಗಿಟ್ಟು ಕಳಿಸಿದ್ದಳು. ಹಾಗಿದ್ದೂ ನಂಬರ್ ಒತ್ತುವಾಗ ಶಾಂತಲಾಳ ಬೆರಳು ಎರಡು ಸಲ ತಪ್ಪಿತು. ಗಂಟೆ ಹೊಡೆಯಿತು. ಐದು ಸಲ, ಆರು ಸಲ. ಏಳನೆಯದಕ್ಕೆ ಆ ಕಡೆ ಎತ್ತಿದ ಸದ್ದಾಯಿತು.

"ನಮಸ್ಕಾರ, ಆಸ್ಪತ್ರೆಯಿಂದ ಮಾತಾಡ್ತಿದೀನಿ" ಎಂದಳು ಶಾಂತಲಾ. ಎಂದೂ ನಡುಗದ ದನಿ ನಡುಗಿತು. "ಅಮ್ಮ ಹೇಗಿದಾರೆ ಅಂತ ಕೇಳೋಣ ಅಂತ..."

"ಯಾರೇ ಅದು? ಶಾಂತಲಾನಾ? ಏನಾಯ್ತೇ, ಎಲ್ಲಾನ ಬಿದ್ಯಾ?"

"ಇಲ್ಲ ಅತ್ತೆ. ಐದು ವರ್ಷ ಆಯ್ತಲ್ಲ, ಕೇಳ್ಬೇಕು. ರೂಲ್ಸು."

 ಮೊರದಲ್ಲಿ ಕಾಯಿ ಜರುಗಿದ ಸದ್ದು ಕೇಳಿಸಿತು.

"ಇದೀನಿ ಅಂತ ಬರ್ಕೋ" ಎಂದಳು ಅಕ್ಕಯ್ಯಮ್ಮ. "ಲಕ್ಕಣ್ಣ ಈ ವರ್ಷ ಬರೀ ಎಳೇ ಕಾಯಿ ಕೊಟ್ಟವ್ನೆ, ಕಾಳೇ ಇಲ್ಲ, ಬೈದ್ ಕಳ್ಸಿದೀನಿ. ಅದ್ನೂ ಬರ್ಕೋ. ಬರ್ತಾ ಒಂದು ಕಟ್ಟು ಸಬ್ಬಸಿಗೆ ಸೊಪ್ಪು ತಗೊಂಡ್ ಬಾ. ಬೇಗ ಬಾ, ಬಾಗ್ಲು ತೆಗ್ದೇ ಇಟ್ಟಿರ್ತೀನಿ."

ಶಾಂತಲಾ ತಾರೀಕು ಬರೆದಳು, ವೇಳೆ ಬರೆದಳು, ಮೊದಲನೆಯ ಕಾಲಂ ತುಂಬಿದಳು. ಆಮೇಲೆ, ಮರೆತುಬಿಟ್ಟೇನೆಂದು, ಅಂಗೈ ಮೇಲೆ ಸಬ್ಬಸಿಗೆ ಎಂದು ಬರೆದುಕೊಂಡಳು.